‘ನಿಮಗ ರಕ್ತಾ ಕುದಿಯೂದಿಲ್ಲೇನ್ರಿ?’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸೈನ್ಯದ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಿಂದ ಸುಬೇದಾರನಾಗಿ ನಿವೃತ್ತನಾಗಿ ಪುಣೆಯ ವಿಶ್ರಾಂತವಾಡಿಯಲ್ಲಿ ಮನೆ ಮಾಡಿದಾಗಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ದೇಶದಲ್ಲಿ ಎಲ್ಲೇ ಉಗ್ರರ ದಾಳಿಯಾಗಲಿ, ಮರುದಿನ ಅದು ಬಂದೇ ಬರುತ್ತದೆ. ಹಾಲಿನ ಅಂಗಡಿಯಲ್ಲಿ ಬರುತ್ತದೆ, ಕನ್ನಡದವರು ಸೇರುವ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಬರುತ್ತದೆ, ಗೋಕಾಕದಿಂದ ಬೀಗರು ಮಾಡುವ ಫೋನಿನಲ್ಲೂ ಬರುತ್ತದೆ. “ಸಾಹೇಬ್ರ, ಇಷ್ಟೆಲ್ಲಾ ಆದ್ರೂ ನಿಮಗ ರಕ್ತಾ ಕುದಿಯೂದಿಲ್ಲೇನ್ರಿ? ಸರಕಾರ ಕರದ್ರ ಮತ್ತ ಗಡಿಗೆ ಹೋಕ್ಕೀರಿಲ್ಲೋ?”

ಕುದಿಯುತ್ತದೆ. ಕರೆದರೆ ಹೋಗುತ್ತೇನೆ. ಆದರೆ ಕರೆಯುವುದಿಲ್ಲ, ಕರೆಯಲೂಬಾರದು. ಗೋವಾದ ಬಾಂಬೋಳಿ ಕ್ಯಾಂಪಿನಲ್ಲಿ ನಾನು ಕಲಿತ ವೈರ್‌ಲೆಸ್ ಸೆಟ್ಟುಗಳು ಈಗ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ನನ್ನನ್ನು ಮುಂಚೂಣಿಗೆ ಕಳಿಸಿದರೆ ಇಪ್ಪತ್ತೆರಡರ ಹುಡುಗನೊಬ್ಬ ತನ್ನ ಸೆಟ್ಟಿನ ಜೊತೆ ನನ್ನನ್ನೂ ಹೊತ್ತುಕೊಂಡು ಗುಡ್ಡ ಹತ್ತಬೇಕಾದೀತು.

ಕೇಳುವವರಿಗೂ ಇದು ಗೊತ್ತು. ಅವರಿಗೆ ಬೇಕಾದದ್ದು ನನ್ನ ಬಾಯಿಂದ ಒಂದು ಮಾತು: ‘ಹೊಡೆದು ಮುಗಿಸಬೇಕು’. ಏನು ಹೇಳಬೇಕೆಂದು ಅವರೇ ತೀರ್ಮಾನಿಸಿರುತ್ತಾರೆ, ಫೌಜಿಯ ಸಿಕ್ಕಾ ಒಂದು ಬಿದ್ದರೆ ಸಾಕು. ಆ ಸಿಕ್ಕಾ ನಾನು ಹಾಕುವುದಿಲ್ಲ. ಅದಕ್ಕೇ ಕೆಲವರ ಮುಖ ಸಣ್ಣಗಾಗುತ್ತದೆ, ‘ಇವರು ಬರೀ ಸಿಗ್ನಲ್ಸ್‌ನವರು, ಇನ್‌ಫೆಂಟ್ರಿ ಅಲ್ಲ ಬಿಡು’ ಎಂಬ ಪಿಸುಮಾತೂ ಕಿವಿಗೆ ಬಿದ್ದಿದೆ. ಇರಲಿ.

ನನ್ನ ಸಿಗ್ನಲ್ಸ್‌ನವನೇ ಒಬ್ಬನ ವಿಷಯ ಹೇಳುತ್ತೇನೆ. ತುಕಾರಾಂ ಓಂಬಳೆ. ಸಾತಾರಾ ಜಿಲ್ಲೆಯ ಕೇಡಂಬೆ ಊರಿನವರು. ಸೈನ್ಯದ ಸಿಗ್ನಲ್ಸ್‌ನಲ್ಲಿ ನಾಯಕ್ ಆಗಿದ್ದು, ಆಮೇಲೆ ಮುಂಬೈ ಪೊಲೀಸ್ ಸೇರಿ ಎಎಸ್‌ಐ (ಸಹಾಯಕ ಸಬ್‌ಇನ್‌ಸ್ಪೆಕ್ಟರ್) ಆದವರು. ಮುಂಬೈ ಮೇಲೆ ಉಗ್ರರ ದಾಳಿಯಾದ 2008ರ ನವೆಂಬರ್ 26ರ ರಾತ್ರಿ, ಹನ್ನೆರಡು ದಾಟಿದ ಮೇಲೆ, ಗಿರಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಉಗ್ರ ಕಸಬ್ ಇದ್ದ ಕಾರು ಬಂದು ನಿಂತಿತು. ಓಂಬಳೆಯವರ ಕೈಯಲ್ಲಿ ಬಂದೂಕಿರಲಿಲ್ಲ. ಕಸಬ್‌ನ ಎಕೆ-47ರ ನಳಿಗೆಯನ್ನೇ ಬರಿಗೈಯಲ್ಲಿ ಹಿಡಿದರು, ಗುಂಡುಗಳೆಲ್ಲ ತಮ್ಮ ಮೈಗೇ ಬಿದ್ದರೂ ಬಿಡಲಿಲ್ಲ. ಹಿಂದಿದ್ದವರು ಅಷ್ಟರಲ್ಲಿ ಅವನನ್ನು ಜೀವಂತ ಹಿಡಿದರು. ಹತ್ತು ಉಗ್ರರಲ್ಲಿ ಜೀವಂತ ಸಿಕ್ಕವನು ಅವನೊಬ್ಬನೇ. ಈ ದಾಳಿ ಎಲ್ಲಿಂದ ಬಂತು, ಯಾರು ತರಬೇತಿ ಕೊಟ್ಟರು ಎಂಬುದನ್ನು ಜಗತ್ತಿನ ಮುಂದೆ ಸಾಕ್ಷಿಸಮೇತ ಇಡಲು ಸಾಧ್ಯವಾದದ್ದು ಆ ಎರಡು ಕೈಗಳಿಂದ. ಓಂಬಳೆಯವರಿಗೆ ಮರಣೋತ್ತರ ಅಶೋಕ ಚಕ್ರ ಬಂತು. (2021ರಲ್ಲಿ ಒಂದು ಹೊಸ ಜಾತಿಯ ಜೇಡಕ್ಕೂ ಅವರ ಹೆಸರಿಟ್ಟರು, ಐಸಿಯಸ್ ತುಕಾರಾಮಿ ಎಂದು. ಓದಿ ಯಾಕೋ ಬಹಳ ಸಂತೋಷವಾಗಿತ್ತು.)

ಮಾಜಿ ಸೈನಿಕ ದಾಳಿಯ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಕೇಳುವವರಿಗೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಉತ್ತರವಿಲ್ಲ. ಅವರು ಗಡಿ ಹುಡುಕಿಕೊಂಡು ಹೋಗಲಿಲ್ಲ. ಡ್ಯೂಟಿ ಹಾಕಿದ ಜಾಗದಲ್ಲಿ ನಿಂತಿದ್ದರು.

ಅದೇ ರಾತ್ರಿ ಮುಂಬೈನ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಯೂನಿಫಾರ್ಮೇ ಇಲ್ಲದ ಒಬ್ಬರು ಇಂಥದ್ದೇ ಕೆಲಸ ಮಾಡಿದರು. ರೈಲ್ವೆ ಅನೌನ್ಸರ್ ವಿಷ್ಣು ಝೇಂಡೆ. ಮೇಲಿನ ಕೋಣೆಯಿಂದ ಗುಂಡಿನ ದಾಳಿ ಕಾಣುತ್ತಿತ್ತು. ಅವರು ಮೈಕ್ ಬಿಟ್ಟು ಓಡಲಿಲ್ಲ, ಲೋಕಲ್ ರೈಲಿನಿಂದ ಇಳಿಯುತ್ತಿದ್ದವರಿಗೆ ಯಾವ ಕಡೆ ಹೋಗಬಾರದು, ಯಾವ ದಾರಿಯಿಂದ ಹೊರಬೀಳಬೇಕು ಎಂದು ಹೇಳುತ್ತಲೇ ಇದ್ದರು. ಸಿಗ್ನಲರ್ ಆಗಿದ್ದವನಿಗೆ ಇದರ ಬೆಲೆ ಗೊತ್ತಾಗುತ್ತದೆ. ಸರಿಯಾದ ಹೊತ್ತಿಗೆ, ಸರಿಯಾದ ಜನಕ್ಕೆ, ಬೇಕಾದಷ್ಟೇ ಮಾತು.

ಇನ್ನು ಅದೇ ಮೂರು ದಿನಗಳಲ್ಲಿ ಬೇಡದ ಮಾತು ಏನು ಮಾಡಿತು ಎಂಬುದನ್ನೂ ನೋಡಿ. ನವೆಂಬರ್ 28ರ ಬೆಳಿಗ್ಗೆ ಎನ್‌ಎಸ್‌ಜಿ ಕಮಾಂಡೋಗಳು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಯಹೂದಿ ಕೇಂದ್ರವಾದ ನರಿಮನ್ ಹೌಸ್ ಛಾವಣಿಗೆ ಇಳಿಯುವುದನ್ನು ಟಿವಿ ಚಾನೆಲ್‌ಗಳು ನೇರಪ್ರಸಾರದಲ್ಲಿ ತೋರಿಸಿದವು. ನಾವೆಲ್ಲ ಕಣ್ಣು ಮಿಟುಕಿಸದೆ ನೋಡಿದೆವು. ಗಡಿಯಾಚೆ ಕುಳಿತು ಉಗ್ರರಿಗೆ ಫೋನಿನಲ್ಲಿ ಆದೇಶ ಕೊಡುತ್ತಿದ್ದವರೂ ಅದೇ ಟಿವಿ ನೋಡುತ್ತಿದ್ದರು, ನೋಡಿದ್ದನ್ನು ತಾಜ್, ಒಬೆರಾಯ್ ಹೋಟೆಲು, ನರಿಮನ್ ಹೌಸ್ ಒಳಗಿದ್ದವರಿಗೆ ದಾಟಿಸುತ್ತಿದ್ದರು. ಆ ಸಂಭಾಷಣೆಗಳ ಧ್ವನಿಮುದ್ರಣ ಕೋರ್ಟಿನ ದಾಖಲೆಯಲ್ಲಿದೆ. 2012ರ ಆಗಸ್ಟ್ 29ರಂದು ಕಸಬ್ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಈ ಪ್ರಸಾರದಿಂದ ಭದ್ರತಾ ಪಡೆಗಳ ಕೆಲಸ ಇನ್ನಷ್ಟು ಕಷ್ಟವೂ ಅಪಾಯಕಾರಿಯೂ ಆಯಿತು ಎಂದು ಚಾನೆಲ್‌ಗಳಿಗೆ ಛೀಮಾರಿ ಹಾಕಿತು. 2015ರಲ್ಲಿ ಕೇಬಲ್ ಟಿವಿ ನಿಯಮ ಬದಲಿಸಿ ಉಗ್ರನಿಗ್ರಹ ಕಾರ್ಯಾಚರಣೆಯ ನೇರಪ್ರಸಾರವನ್ನೇ ನಿಷೇಧಿಸಿದರು. ಆದರೆ ಅಷ್ಟರಲ್ಲಿ ಎಲ್ಲರ ಜೇಬಿನಲ್ಲೂ ಒಂದೊಂದು ಚಾನೆಲ್ ಬಂದು ಕೂತಿತ್ತು.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮದ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ಪುಣೆಯವರಿದ್ದರು, ನಮ್ಮ ಶಿವಮೊಗ್ಗದವರಿದ್ದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬಾರಾಮುಲ್ಲಾ ಕಡೆ ಡ್ಯೂಟಿ ಮಾಡಿದವನು ನಾನು, ಅಂಥ ಹುಲ್ಲುಗಾವಲುಗಳ ಅಂಚಿನ ಪೈನ್ ಕಾಡು ಎಷ್ಟು ದಟ್ಟವಾಗಿರುತ್ತದೆ, ಅದರೊಳಗೆ ಮನುಷ್ಯ ಎಷ್ಟು ಸುಲಭವಾಗಿ ಕಣ್ಮರೆಯಾಗುತ್ತಾನೆ ಎಂಬುದನ್ನು ಬಲ್ಲೆ. ಮೇ 7ರಂದು ಆಪರೇಷನ್ ಸಿಂಧೂರದಲ್ಲಿ ಗಡಿಯಾಚೆಯ ಒಂಬತ್ತು ನೆಲೆಗಳನ್ನು ಹೊಡೆದಾಗ ನಾನು ಎದ್ದು ನಿಂತು ಸೆಲ್ಯೂಟ್ ಮಾಡಿದೆ. ಮನೆಯಾಕೆ ನಕ್ಕಳು. ನಾನು ಶಾಂತಿಮಂತ್ರ ಜಪಿಸುವವನಲ್ಲ, ಇದು ಸ್ಪಷ್ಟವಿರಲಿ. ಹೊಡೆಯಬೇಕಾದಾಗ ಹೊಡೆಯಬೇಕು. ಯಾವಾಗ, ಎಲ್ಲಿ, ಎಷ್ಟು ಎಂಬುದನ್ನು ನಕಾಶೆ ಮುಂದಿಟ್ಟುಕೊಂಡವರು ನಿರ್ಧರಿಸಬೇಕು, ನಮ್ಮ ವಸತಿ ಸೊಸೈಟಿಯ ವಾಟ್ಸಾಪ್ ಗುಂಪಲ್ಲ.

ಆ ಗುಂಪಿನ ಅವಸ್ಥೆ ಏನು ಹೇಳಲಿ! ಮೇ 8ರ ರಾತ್ರಿ ಕರಾಚಿ ಬಂದರು ಸುಟ್ಟು ಬೂದಿಯಾಯಿತೆಂದು ದೊಡ್ಡ ದೊಡ್ಡ ಚಾನೆಲ್‌ಗಳೇ ಕೂಗಿದವು, ನಮ್ಮವರು ಪಟಾಕಿ ಇಮೋಜಿ ಹಾಕಿದರು. ಬಂದರು ಬೆಳಿಗ್ಗೆ ಎಂದಿನಂತೆ ತನ್ನ ಜಾಗದಲ್ಲೇ ಇತ್ತು. ಸುದ್ದಿ ವಾಚಕರ ಹಿಂದೆ ಸೈರನ್ ಎಷ್ಟು ಕೂಗಿತೆಂದರೆ, ಕಾರ್ಯಕ್ರಮಗಳಲ್ಲಿ ವಾಯುದಾಳಿ ಸೈರನ್ ಬಳಸಬೇಡಿ ಎಂದು ಸರ್ಕಾರವೇ ಹೇಳಬೇಕಾಯಿತು. ನಿಜವಾದ ಸೈರನ್ ಕೂಗಿದ ದಿನ ಜನ ಟಿವಿ ಎಂದುಕೊಂಡು ಮಲಗಿದರೆ ಗತಿಯೇನು?

ಅದೇ ವಾರ ನಮ್ಮ ಗುಂಪಿಗೆ ಒಂದು ವಿಡಿಯೋ ಬಂತು. ಸೈನ್ಯದ ವಾಹನ ಹೇರಿದ ಗೂಡ್ಸ್ ರೈಲು, ಒಂದೊಂದು ಡಬ್ಬಿಯೂ ಕಾಣುವಂತೆ, ಹಿನ್ನೆಲೆಯಲ್ಲಿ ದೇಶಭಕ್ತಿಯ ಹಾಡು, ಕೆಳಗೆ ನಿಲ್ದಾಣದ ಹೆಸರು, ಸಮಯ. ಹಾಕಿದವನು ಒಳ್ಳೆಯ ಹುಡುಗ, ಅವನ ಎದೆ ಉಬ್ಬಿತ್ತು. ನಾನು ಫೋನ್ ಮಾಡಿ ಕೇಳಿದೆ: “ತಮ್ಮಾ, ಎಷ್ಟು ಗಾಡಿ, ಯಾವ ಗಾಡಿ, ಯಾವ ಕಡೆ, ಎಷ್ಟು ಹೊತ್ತಿಗೆ ಅಂತ ತಿಳಿಯಲು ಒಂದು ದೇಶ ಗೂಢಚಾರರಿಗೆ ಎಷ್ಟು ಸಂಬಳ ಕೊಡುತ್ತದೆ ಗೊತ್ತೇನು? ನೀನು ಪುಕ್ಕಟೆ ಕೊಟ್ಟೆಯಲ್ಲ.” ಅಳಿಸಿದ. ಆದರೆ ಅದು ಅವನಿಗೂ ಬೇರೆ ಗುಂಪಿನಿಂದ ಬಂದದ್ದು. ಸಿಗ್ನಲ್ಸ್‌ನಲ್ಲಿ ಮೊದಲ ವಾರ ಕಲಿಸುವ ಪಾಠ ಸೆಟ್ಟಿನಲ್ಲಿ ಹೇಗೆ ಮಾತಾಡಬೇಕು ಎಂಬುದಲ್ಲ, ಯಾವಾಗ ಬಾಯಿ ಮುಚ್ಚಬೇಕು ಎಂಬುದು. ರೇಡಿಯೋ ಸೈಲೆನ್ಸ್ ಅಂದರೆ ಸೈಲೆನ್ಸ್. ಮೈಯೆಲ್ಲ ಉರಿಯುತ್ತಿದ್ದರೂ, ಪಕ್ಕದ ಪೋಸ್ಟಿನಲ್ಲಿ ಏನಾಗುತ್ತಿದೆಯೋ ತಿಳಿಯದೆ ಜೀವ ಹಾರುತ್ತಿದ್ದರೂ, ಕೈ ಗುಂಡಿಯ ಮೇಲೆ ಹೋಗಬಾರದು. ನನ್ನ ಇಡೀ ಸೇವೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿದ ನೆನಪಿಲ್ಲ. ಇವತ್ತು ನಾಗರಿಕರಿಂದ ನಾನು ಕೇಳುವ ದೇಶಸೇವೆಯೂ ಮುಖ್ಯವಾಗಿ ಅದೇ. ಕೇಳಿದವರಿಗೆ ಇದು ಸಪ್ಪೆ ಅನ್ನಿಸುತ್ತದೆ, ನನಗೆ ಗೊತ್ತು.

‘ಯುದ್ಧ ಆಗಿಬಿಡಲಿ’ ಎನ್ನುವವರನ್ನು ನಾನು ಪುಣೆಯ ಖಡ್ಕಿಗೆ ಬನ್ನಿ ಅನ್ನುತ್ತೇನೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಮೈ ಸ್ವಾಧೀನ ತಪ್ಪಿದ ಸೈನಿಕರಿಗಾಗಿ 1974ರಲ್ಲಿ ಆರಂಭವಾದ ಪುನರ್ವಸತಿ ಕೇಂದ್ರ ಅಲ್ಲಿದೆ. ಬಾಯಲ್ಲಿ ಕುಂಚ ಕಚ್ಚಿ ಚಿತ್ರ ಬಿಡಿಸುವವರಿದ್ದಾರೆ, ಗಾಲಿಕುರ್ಚಿಯಲ್ಲಿ ಬಾಸ್ಕೆಟ್‌ಬಾಲ್ ಆಡುವವರಿದ್ದಾರೆ. ಯಾರೂ ಅಳುತ್ತ ಕೂತಿಲ್ಲ, ಬೈಗುಳ, ತಮಾಷೆ ಎಲ್ಲ ನಮ್ಮ ಬ್ಯಾರಕ್ಕಿನಂತೆಯೇ. ಅವರ ಮುಂದೆ ನಿಂತು ‘ಯುದ್ಧ ಆಗಲಿ’ ಎಂದು ಜೋರಾಗಿ ಹೇಳುವ ಧೈರ್ಯ ನಿಮಗಿದ್ದರೆ ಹೇಳಿ, ನಾನು ಕೇಳಿಸಿಕೊಳ್ಳುತ್ತೇನೆ. ಈವರೆಗೆ ನನ್ನ ಜೊತೆ ಬಂದವರಲ್ಲಿ ಯಾರೂ ಹೇಳಿಲ್ಲ.

ಕೋಪವನ್ನು ತಪ್ಪು ವಿಳಾಸಕ್ಕೆ ತಲುಪಿಸುವವರ ಬಗ್ಗೆಯೂ ಎರಡು ಮಾತು. ಪಹಲ್ಗಾಮದ ನಂತರ ಹಲವು ಊರುಗಳಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳಿಗೆ ಕಿರುಕುಳವಾಯಿತು. ಪುಣೆಯಲ್ಲೂ ಓದುವ ಕಾಶ್ಮೀರಿ ಮಕ್ಕಳು ಬಹಳ, ಆ ದಿನಗಳಲ್ಲಿ ಅವರ ತಾಯಂದಿರ ಹೊಟ್ಟೆಯೊಳಗೆ ಏನಾಗಿರಬೇಕು. ಬೈಸರನ್‌ನಲ್ಲಿ ಸತ್ತವರಲ್ಲಿ ಕುದುರೆ ನಡೆಸುವ ಸ್ಥಳೀಯ ಯುವಕ ಸಯ್ಯದ್ ಆದಿಲ್ ಹುಸೇನ್ ಶಾ ಕೂಡ ಒಬ್ಬ. ಮದುವೆಯಾಗಿ ವಾರವೂ ಕಳೆಯದೆ ಅಲ್ಲಿ ಗಂಡನನ್ನು ಕಳೆದುಕೊಂಡ ನೌಕಾಪಡೆ ಅಧಿಕಾರಿಯ ಪತ್ನಿ, ಗಂಡನ ಹುಟ್ಟುಹಬ್ಬದ ದಿನ ಕರ್ನಾಲ್‌ನಲ್ಲಿ ಏರ್ಪಡಿಸಿದ್ದ ರಕ್ತದಾನ ಶಿಬಿರದಲ್ಲಿ ನಿಂತು, ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹಗೆ ಬೇಡ, ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ, ನ್ಯಾಯ ಸಿಗಲಿ ಎಂದರು. ಆ ಮಾತಿಗೆ ಜಾಲತಾಣದ ‘ದೇಶಭಕ್ತರು’ ಆ ಹೆಣ್ಣುಮಗಳನ್ನು ಬೈದ ಬೈಗುಳ ಓದಿದಾಗ ನನ್ನ ರಕ್ತ ನಿಜಕ್ಕೂ ಕುದಿಯಿತು. ಕೇಳುವವರು ಇದನ್ನೂ ಬರೆದುಕೊಳ್ಳಲಿ.

ನಮ್ಮ ಮನೆಯಿಂದ ಯೆರವಡಾ ಜೈಲು ದೂರವಿಲ್ಲ. 2012ರ ನವೆಂಬರ್ 21ರ ಬೆಳಿಗ್ಗೆ ಕಸಬ್‌ನನ್ನು ಅಲ್ಲೇ ಗಲ್ಲಿಗೇರಿಸಿ ಅಲ್ಲೇ ಹೂಳಿದರು. ‘ಪೇಢೆ ಹಂಚಿದಿರೇನು?’ ಎಂದು ಫೋನುಗಳು ಬಂದವು. ಹಂಚಲಿಲ್ಲ. ನನಗೆ ಹೆಮ್ಮೆ ಅನ್ನಿಸಿದ್ದು ಹಗ್ಗದ ಬಗ್ಗೆ ಅಲ್ಲ. 166 ಜನರ ಸಾವಿಗೆ ಕಾರಣವಾದ ದಾಳಿಯಲ್ಲಿ ಜೀವಂತ ಸಿಕ್ಕವನಿಗೂ ಈ ದೇಶ ವಕೀಲರನ್ನು ಕೊಟ್ಟಿತು, ವಿಚಾರಣಾ ಕೋರ್ಟು, ಹೈಕೋರ್ಟು, ಸುಪ್ರೀಂ ಕೋರ್ಟು, ಕೊನೆಗೆ ರಾಷ್ಟ್ರಪತಿಗಳ ತನಕ ಅವನ ಕಡತ ಹೋಯಿತು. ಬಿರಿಯಾನಿ ತಿನ್ನಿಸಿ ಸಾಕಿದರು ಎಂದು ಈಗಲೂ ಮೂದಲಿಸುವವರಿದ್ದಾರೆ. ಆ ಬಿರಿಯಾನಿ ಕಥೆ ತಾವೇ ಕಟ್ಟಿದ್ದೆಂದು ಸರ್ಕಾರಿ ವಕೀಲ ಉಜ್ವಲ್ ನಿಕಮ್ 2015ರಲ್ಲಿ ಬಹಿರಂಗವಾಗಿ ಹೇಳಿದ್ದು ಅವರ ಕಿವಿಗೆ ಬಿದ್ದಿಲ್ಲ. ನಾವು ಅವನಂಥವರಲ್ಲ ಎಂದು ತೋರಿಸಲು ನಾಲ್ಕು ವರ್ಷ ಹಿಡಿಯಿತು. ಹಿಡಿಯಲಿ.

ಹಾಗಾದರೆ ಸುಮ್ಮನೆ ಕೂರುವುದೇ ಎಂದು ಕೇಳಬೇಡಿ, ಕೆಲಸ ಬೇಕಾದಷ್ಟಿದೆ. 2010ರ ಫೆಬ್ರುವರಿ 13ರಂದು ಪುಣೆಯ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ 17 ಜನರನ್ನು ಬಲಿ ತೆಗೆದುಕೊಂಡ ಬಾಂಬು ಯಾರೋ ಬಿಟ್ಟುಹೋದ ಬ್ಯಾಗಿನಲ್ಲಿತ್ತು. ವಾರಸುದಾರರಿಲ್ಲದ ಬ್ಯಾಗು ಕಂಡರೆ ಮುಟ್ಟದೆ, ಜನರನ್ನು ದೂರ ಸರಿಸಿ, 112ಕ್ಕೆ ಫೋನ್ ಮಾಡುವುದು ನಮ್ಮ ಕಟ್ಟಡದಲ್ಲಿ ಎಷ್ಟು ಜನರಿಗೆ ಬಾಯಿಪಾಠವಿದೆ? ರಕ್ತ ಚಿಮ್ಮುವ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು, ಆಂಬುಲೆನ್ಸ್ ಬರುವ ತನಕ ಕೈ ತೆಗೆಯದೆ ಕೂರುವುದು? ಇಷ್ಟನ್ನು ನಾನು ಸೊಸೈಟಿಯ ಸಭಾಂಗಣದಲ್ಲಿ ಭಾನುವಾರ ಕಲಿಸುತ್ತೇನೆ. ಹೆಂಗಸರು ಬರುತ್ತಾರೆ, ವಾಚ್‌ಮನ್‌ಗಳು ಬರುತ್ತಾರೆ. ಯುದ್ಧ ಬೇಕೆನ್ನುವ ಗಂಡಸರಿಗೆ ಆ ಹೊತ್ತಿಗೆ ಕ್ರಿಕೆಟ್ ಇರುತ್ತದೆ.

ಬಂದೂಕೇ ಬೇಕು ಎನ್ನುವವರಿಗೂ ದಾರಿ ತೆರೆದೇ ಇದೆ. ಹಿಂಜವಾಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗರು ಸಿಕ್ಕಿ ‘ಗನ್ ಕೊಡ್ರಿ ಅಂಕಲ್, ನಾವು ತೋರಿಸ್ತೀವಿ’ ಎಂದಾಗ ಟೆರಿಟೋರಿಯಲ್ ಆರ್ಮಿಯ ವಿಷಯ ತೆಗೆಯುತ್ತೇನೆ. ಉದ್ಯೋಗದಲ್ಲಿರುವ ಪದವೀಧರರು 42 ವರ್ಷದ ತನಕ ಅಧಿಕಾರಿಯಾಗಲು ಅರ್ಜಿ ಹಾಕಬಹುದು, ನೌಕರಿ ಬಿಡಬೇಕಿಲ್ಲ, ವರ್ಷದಲ್ಲಿ ಒಂದಿಷ್ಟು ದಿನ ತರಬೇತಿಗೆ ಹೋಗಬೇಕು, ಕರೆ ಬಂದಾಗ ಹಾಜರಾಗಬೇಕು. 2025ರ ಮೇ ತಿಂಗಳಲ್ಲಿ ಅವರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟದ್ದೂ ಆಯಿತು. ಇಷ್ಟು ಹೇಳುವಷ್ಟರಲ್ಲಿ ಮಾತು ಇಎಂಐ ಕಡೆ, ಆನ್‌ಸೈಟ್ ಕಡೆ ಹೊರಳಿರುತ್ತದೆ. ಗದಗಿನ ಒಬ್ಬ ಹುಡುಗ ಮಾತ್ರ ಎರಡನೇ ಸಲ ಬಂದ. ಲಿಖಿತ ಪರೀಕ್ಷೆಗೆ ಏನು ಓದಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂದು ವಿಚಾರಿಸಿದ. ರಕ್ತ, ಕುದಿ, ಸೇಡು ಒಂದು ಮಾತೂ ಆಡಲಿಲ್ಲ. ಈಗ ಬೆಳಗಿನ ಜಾವ ವೇತಾಳ ಟೇಕಡಿ ಗುಡ್ಡದಲ್ಲಿ ಓಡುತ್ತಿದ್ದಾನೆ. ಆ ಫ್ಯಾಶನ್ ಬೂಟು ಬಿಟ್ಟು ಒಂದು ಸರಿಯಾದ ಜೋಡಿ ತಗೋ, ಮೊಣಕಾಲು ಹೋದರೆ ಮೆಡಿಕಲ್‌ನಲ್ಲೇ ಹೊರಗೆ ಹಾಕುತ್ತಾರೆ ಎಂದು ಹೇಳಿ ಕಳಿಸಿದ್ದೇನೆ.