ಒಂದು ಕಸಬರಿಗೆಯಷ್ಟು ಜಾಗ

ಕಳೆದ ಭಾನುವಾರ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಗೋವೆಯ ಅಗ್ವಾದ ಜೈಲು ನೋಡಲು ಹೋಗಿದ್ದೆ. ಅಲ್ಲಿ ಕಸ ಗುಡಿಸುತ್ತಿದ್ದ ವಿಜಯಪುರದ ಕಡೆಯ ಹೆಂಗಸೊಬ್ಬರು ನಮ್ಮ ಕನ್ನಡ ಕೇಳಿ ಹತ್ತಿರ ಬಂದು, ಕೈಯಲ್ಲಿದ್ದ ಕಸಬರಿಗೆಯನ್ನು ನೆಲದ ಮೇಲೆ ಅಡ್ಡಲಾಗಿ ಇಟ್ಟು, “ನನ್ನ ಮಗಗ ಮಲಗಾಕ ಇಷ್ಟ ಜಾಗ ಐತ್ರಿ ಅಕ್ಕಾರ, ಮಗ್ಗಲಾ ಬದಲಸಬೇಕಂದ್ರ ಬಾಜೂದವನೂ ಏಳಬೇಕಂತ” ಎಂದರು. ಮಗ ಮಹಾರಾಷ್ಟ್ರದ ಹಳೆಯ ಜೈಲೊಂದರಲ್ಲಿ ಎರಡು ವರ್ಷದಿಂದ ವಿಚಾರಣಾಧೀನ ಕೈದಿ. ನೆಲದ ಮೇಲಿದ್ದ ಆ ಕಸಬರಿಗೆ ಈ ವಾರವಿಡೀ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ.

ಅಗ್ವಾದದ ಕೈದಿಗಳನ್ನು 2015ರಲ್ಲಿ ಕೊಲ್ವಾಳದ ಹೊಸ ಜೈಲಿಗೆ ಸಾಗಿಸಿದರು; ಹಳೆಯ ಜೈಲು ಈಗ ವಸ್ತುಸಂಗ್ರಹಾಲಯ. 1946ರಲ್ಲಿ ಪೋರ್ಚುಗೀಸರು ಸ್ವಾತಂತ್ರ್ಯ ಹೋರಾಟಗಾರ ರಾಮಮನೋಹರ ಲೋಹಿಯಾ ಅವರನ್ನು ಇಲ್ಲಿಯೇ ಕೂಡಿಹಾಕಿದ್ದರೆಂದು ತಿಳಿದು ಕಣ್ಣೊರೆಸಿಕೊಂಡ ನಮ್ಮ ಭಾವನವರು, ಆ ತಾಯಿಯ ಮಾತಿಗೆ ಮಾತ್ರ “ಜೈಲೆಂದರೆ ಮಾವನ ಮನೆಯೇ?” ಎಂದುಬಿಟ್ಟರು. ಅವರು ಕೆಟ್ಟವರಲ್ಲ, ಬೀದಿನಾಯಿಗೂ ಅನ್ನ ಹಾಕುವವರು. ಆದರೂ ಆ ಮಾತನ್ನು ನನ್ನಿಂದ ಕ್ಷಮಿಸಲಾಗುತ್ತಿಲ್ಲ.

ಮುಂಬಯಿಯ ಬೈಕುಲ್ಲಾ ಜೈಲು 1840ರದು, ಪುಣೆಯ ಯರವಡಾ 1871ರದು, ಠಾಣೆಯದು ಪೋರ್ಚುಗೀಸರ ಕಾಲದ ಕೋಟೆಯೊಳಗೇ ಇದೆ. ಸುಮಾರು 800 ಜನರಿಗೆಂದು ಲೆಕ್ಕ ಹಾಕಿದ ಮುಂಬಯಿಯ ಆರ್ಥರ್ ರೋಡ್ ಜೈಲಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಜನರನ್ನು ತುಂಬಿದ್ದುಂಟು. ಇಂಥ ಕಟ್ಟಡಗಳ ಸುತ್ತ ನಗರ ಒತ್ತರಿಸಿಕೊಂಡು ಬೆಳೆದಿರುವುದರಿಂದ ಗೋಡೆಯನ್ನು ಹೊರಕ್ಕೆ ಸರಿಸಲಾಗದು. ಕೆಲವರಿಗೆಂದು ಕಟ್ಟಿದ ಶೌಚಾಲಯ, ಚರಂಡಿಗಳ ಮೇಲೆಯೇ ಎಲ್ಲರ ಭಾರವೂ ಬೀಳುತ್ತದೆ. 2022ರಲ್ಲಿ ದೇಶದ ಜೈಲುಗಳಲ್ಲಿ 100 ಜನರ ಜಾಗದಲ್ಲಿ 131 ಜನರಿದ್ದರು, ಅವರಲ್ಲಿ ಮುಕ್ಕಾಲು ಪಾಲು ಅಪರಾಧ ಇನ್ನೂ ಸಾಬೀತಾಗದವರು. ಖಾಲಿಯಾದ ಕೋಣೆಗೆ ಸುಣ್ಣ ಬಳಿದು ಗೌರವ ಸಲ್ಲಿಸುವ ನಾವು, ಅದಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ ಈ ರಾತ್ರಿ ಮಲಗುವವರ ಬಗ್ಗೆ ಯೋಚಿಸುವುದೇ ಇಲ್ಲ ಎಂಬುದು ನನಗೆ ತೀರ ಸಂಕಟದ ಸಂಗತಿ.

ಹೊರಡುವಾಗ ಆಕೆ ಸೆರಗಿನ ಗಂಟಿನಿಂದ ಚೀಟಿಯೊಂದನ್ನು ತೆಗೆದು, “ಮರಾಠಿ ಓದಾಕ ಬರಂಗಿಲ್ರಿ, ಮುಂದಿನ ತಾರೀಖು ಯಾವಾಗಂತ ನೋಡ್ರಿ” ಎಂದರು. ಬರುವ ತಿಂಗಳ ಹದಿನೇಳು ಎಂದೆ. ಆಕೆ ಬೆರಳು ಮಡಚುತ್ತಾ ದಿನ ಎಣಿಸಿದರು, ಮಧ್ಯದಲ್ಲಿ ತಪ್ಪಿ, ಮತ್ತೆ ಮೊದಲಿನಿಂದ ಎಣಿಸತೊಡಗಿದರು.