ಬಿಟ್ಟೂ ಬಿಟ್ಟೂ ಬೀಳುತ್ತಿದ್ದ ಲಿಂಕ್ ಮತ್ತು ಒಂದು ಕಂದು ತಂತಿ

ದಿನ 1

ಮೂರು ವಾರದಿಂದ ನನ್ನ ಲಿನಕ್ಸ್ ಡೆಸ್ಕ್‌ಟಾಪ್‌ನ ವೈರ್ಡ್ ನೆಟ್ ಬಿಟ್ಟೂ ಬಿಟ್ಟೂ ಹೋಗುತ್ತಿದೆ. ಐದಾರು ಸೆಕೆಂಡ್ ಏನೂ ಇರಲ್ಲ, ಆಮೇಲೆ ತಾನಾಗಿಯೇ ವಾಪಸ್ ಬರುತ್ತದೆ. ವಿಡಿಯೊ ನೋಡುವಾಗ ಬಫರ್ ಇರುವುದರಿಂದ ಗೊತ್ತೇ ಆಗುವುದಿಲ್ಲ. ಆದರೆ ಇವತ್ತು ಒಂದು ಕಾಲ್ ನಡುವೆ ಎರಡು ಸಲ ಹೋಯಿತು. ಇನ್ನು ಸುಮ್ನೆ ಬಿಡಬಾರದು ಅಂತ ಕೂತಿದ್ದೇನೆ. ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ.

ಮೊದಲು ಪಿಂಗ್ ಹಚ್ಚಿದೆ, ಅಂದರೆ ಚಿಕ್ಕ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್. ಹೊರಗಿನ ಯಾವುದೋ ಸರ್ವರ್‌ಗಲ್ಲ, ರೂಟರ್‌ಗೇ. ಅಲ್ಲಿಗೇ ಪ್ಯಾಕೆಟ್ ಹೋಗದಿದ್ದರೆ ತೊಂದರೆ ಮನೆಯೊಳಗೇ ಇದೆ ಅಂತ ಅರ್ಥ, ಅಲ್ವಾ? ಅರ್ಧ ಗಂಟೆಯಲ್ಲಿ ಸಾಲಾಗಿ ಆರು ಉತ್ತರ ಬರಲಿಲ್ಲ. ಅದೇ ಹೊತ್ತಿಗೆ ಫೋನಿನ ವೈಫೈ ಸರಿಯಾಗಿತ್ತು.

ಕೂಡಲೇ ಜರ್ನಲ್‌ಸಿಟಿಎಲ್ ಅನ್ನುವ ಕಮಾಂಡ್‌ನಲ್ಲಿ ಕರ್ನಲ್ ಲಾಗ್, ಅಂದರೆ ಲಿನಕ್ಸ್ ತಾನೇ ಬರೆದಿಡುವ ದಿನಚರಿ, ತೆಗೆದೆ. ಆ ನಿಮಿಷಕ್ಕೆ ಸರಿಯಾಗಿ ಎರಡು ಸಾಲು ಇದ್ದವು. ಒಂದು 'ಲಿಂಕ್ ಈಸ್ ಡೌನ್'. ಕೆಲವು ಸೆಕೆಂಡ್ ಬಿಟ್ಟು 'ಲಿಂಕ್ ಈಸ್ ಅಪ್', ಅದರ ಮುಂದೆ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್).

ಈ ಎರಡು ಸಾಲಿನಿಂದ ಅರ್ಧ ಕೆಲಸ ಮುಗಿಯಿತು. ನೆಟ್‌ವರ್ಕ್ ಕಾರ್ಡಿಗೆ ಕೇಬಲ್‌ನ ಆಚೆ ತುದಿಯ ಸಿಗ್ನಲ್ಲೇ ಸಿಗುತ್ತಿಲ್ಲ. ಹಾಗಾಗಿ ಡಿಎನ್ಎಸ್, ಐಪಿ ವಿಳಾಸ, ಫೈರ್‌ವಾಲ್, ನೆಟ್‌ವರ್ಕ್ ಮ್ಯಾನೇಜರ್ ಸೆಟ್ಟಿಂಗ್ ಇವುಗಳ ಕಡೆ ತಿರುಗಿಯೂ ನೋಡಬೇಕಿಲ್ಲ. ಇನ್ನೊಂದು ಸುಳಿವು ಆ 100. ನನ್ನ ಕಾರ್ಡೂ ರೂಟರೂ ಎರಡೂ ಗಿಗಾಬಿಟ್. ಅಲ್ಲಿ 1000 ಇರಬೇಕಿತ್ತು.

ದಿನ 2

ಕಾರ್ಡ್ ರಿಯಲ್‌ಟೆಕ್‌ನದು, ಡ್ರೈವರ್ ಆರ್8169. ಈ ಜೋಡಿಯಲ್ಲಿ ವಿದ್ಯುತ್ ಉಳಿಸುವ ಸೌಲಭ್ಯಗಳನ್ನು ಆಫ್ ಮಾಡಿ ನೋಡಿ ಅಂತ ತುಂಬಾ ಜನ ಹೇಳುತ್ತಾರೆ. ಇಇಇ ಅನ್ನುವುದು ಅಂಥದ್ದೊಂದು. ಟ್ರಾಫಿಕ್ ಇಲ್ಲದಾಗ ಲಿಂಕನ್ನು ಸ್ವಲ್ಪ ನಿದ್ದೆಗೆ ಹಾಕುತ್ತದೆ. ಸಂಜೆ ಎಥ್‌ಟೂಲ್ ಅನ್ನುವ ಕಮಾಂಡ್‌ನಿಂದ ಅದನ್ನು ಆಫ್ ಮಾಡಿದೆ.

ಫಲ ಅಳೆಯಲು ಒಂದು ಒಳ್ಳೆಯ ಲೆಕ್ಕ ಲಿನಕ್ಸ್‌ನಲ್ಲೇ ಇದೆ. ಸಿಸ್ ಫೋಲ್ಡರ್‌ನೊಳಗೆ ಪ್ರತಿ ನೆಟ್‌ವರ್ಕ್ ಕಾರ್ಡಿಗೂ 'ಕ್ಯಾರಿಯರ್ ಚೇಂಜಸ್' ಅನ್ನುವ ಫೈಲ್ ಇರುತ್ತದೆ. ಲಿಂಕ್ ಬಿದ್ದಾಗ ಒಂದು, ಎದ್ದಾಗ ಇನ್ನೊಂದು ಸೇರುತ್ತದೆ. ಇಇಇ ಬದಲಾಯಿಸಿದಾಗಲೂ ಲಿಂಕ್ ಒಮ್ಮೆ ಬಿದ್ದು ಎದ್ದಿತು. ಅದೂ ಸೇರಿ ಮಲಗುವ ಮುಂಚೆ 38 ಇತ್ತು.

ದಿನ 3

ಬೆಳಿಗ್ಗೆ ನೋಡಿದರೆ ಇನ್ನೂ 38! ರಾತ್ರಿಯ ದೊಡ್ಡ ಬ್ಯಾಕಪ್ ಪೂರ್ತಿ 1000ರ ವೇಗದಲ್ಲೇ ಮುಗಿದಿತ್ತು. ಇಇಇಯೇ ಕಳ್ಳ ಅಂತ ನಂಬಿದೆ. ಕುರ್ಚಿ ಎಳೆದುಕೊಂಡು ಕೂತು ಹತ್ತು ನಿಮಿಷವೂ ಆಗಿರಲಿಲ್ಲ, ಪಕ್ಕದ ಕೋಣೆಯಿಂದ ತಂಗಿ ಕೂಗಿದಳು: "ಅಣ್ಣಾ, ನಿನ್ನ ಕಂಪ್ಯೂಟರ್‌ನಿಂದ ಬರ್ತಿದ್ದ ಸಿನಿಮಾ ನಿಂತೋಯ್ತು!" ಲೆಕ್ಕ 40 ಆಗಿತ್ತು.

ಬೇಜಾರಾಯಿತು ನಿಜ. ಆದರೆ ಆ ರಾತ್ರಿ ವ್ಯರ್ಥವಾಗಲಿಲ್ಲ. ಇಡೀ ರಾತ್ರಿ ತುಂಬಿ ಹರಿದ ಟ್ರಾಫಿಕ್‌ಗೆ ಬೀಳದ ಲಿಂಕ್ ನಾನು ಬಂದು ಕೂತ ಕೂಡಲೇ ಬಿತ್ತು. ಇಇಇ ಮತ್ತೆ ಆನ್ ಮಾಡಿದೆ. ಉಪಯೋಗಕ್ಕೆ ಬಾರದ ಬದಲಾವಣೆಯನ್ನು ಹಾಗೇ ಬಿಟ್ಟರೆ ಮುಂದೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ನಿಮಿಷಕ್ಕೊಮ್ಮೆ ಸಮಯ, ಕ್ಯಾರಿಯರ್ ಲೆಕ್ಕ, ವೇಗ ಮೂರನ್ನೂ ಒಂದು ಫೈಲಿಗೆ ಸೇರಿಸುತ್ತದೆ, ಅಷ್ಟೇ.

ದಿನ 5

ಎರಡು ದಿನದಲ್ಲಿ ಹನ್ನೊಂದು ಸಲ ಬಿದ್ದಿದೆ. ಹನ್ನೊಂದೂ ನಾನು ಮೇಜಿನ ಮುಂದೆ ಇದ್ದಾಗಲೇ. ಮೇಜಿನ ಕೆಳಗೆ ಬಗ್ಗಿ ನೋಡಿದೆ. ಗೋಡೆಯಿಂದ ಬರುವ ಕೇಬಲ್ ನನ್ನ ಕಾಲಿಗೆ ತಾಗುವ ಜಾಗದಲ್ಲೇ ಹಾದು ಕಂಪ್ಯೂಟರ್ ಹಿಂದಕ್ಕೆ ಹೋಗುತ್ತದೆ.

ಆದರೂ ದೂರು ಕೇಬಲ್ ಮೇಲೋ ಪೋರ್ಟ್ ಮೇಲೋ ಅಂತ ಬೇರೆ ಮಾಡಬೇಕಿತ್ತು. ಕಂಪ್ಯೂಟರನ್ನೇ ರೂಟರ್ ಪಕ್ಕಕ್ಕೆ ಹೊತ್ತುಕೊಂಡು ಹೋಗಿ, ಎರಡು ಮೀಟರ್‌ನ ರೆಡಿಮೇಡ್ ಕೇಬಲ್ ಹಾಕಿದೆ. ವೇಗ ಅಳೆಯುವ ಐಪರ್ಫ್3ರಲ್ಲಿ 941 ಎಂಬಿಪಿಎಸ್ ಬಂತು. ಗಿಗಾಬಿಟ್ ಲಿಂಕ್‌ನಲ್ಲಿ ಟಿಸಿಪಿಗೆ ಸಿಗುವ ಗರಿಷ್ಠವೇ ಹೆಚ್ಚುಕಮ್ಮಿ ಅಷ್ಟು. ಪ್ಲಗ್ಗನ್ನು ಎಷ್ಟು ಅಲ್ಲಾಡಿಸಿದರೂ ಲಿಂಕ್ ಬೀಳಲಿಲ್ಲ. ಕಾರ್ಡ್, ಡ್ರೈವರ್, ರೂಟರ್ ಮೂರೂ ಪಾರು.

ವಾಪಸ್ ಮೇಜಿಗೆ ತಂದು, ಗೋಡೆಯ ಕೇಬಲ್ ಹಾಕಿ, ಪರದೆಯಲ್ಲಿ ಕರ್ನಲ್ ಲಾಗ್ ತೆರೆದಿಟ್ಟು, ಪ್ಲಗ್‌ನ ಹಿಂದೆ ಕೇಬಲ್ಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಡೌನ್. ಬಿಟ್ಟೆ. ಅಪ್, 100.

ಪ್ಲಗ್ ತೆಗೆದು ಟಾರ್ಚ್ ಬೆಳಕಿಗೆ ಹಿಡಿದೆ. ಪ್ಲಾಸ್ಟಿಕ್ ಪಾರದರ್ಶಕ, ಒಳಗಿನ ಎಂಟೂ ತಂತಿ ಕಾಣುತ್ತವೆ. ಏಳರ ತುದಿ ಮುಂದಿನ ಗೋಡೆಗೆ ತಾಗಿದೆ. ಎಂಟನೆಯದು, ಕಂದು ತಂತಿ, ಒಂದೆರಡು ಮಿಲಿಮೀಟರ್ ಹಿಂದೆಯೇ ನಿಂತಿದೆ. ಅದರ ಮೇಲಿನ ಚಿನ್ನದ ಬಣ್ಣದ ಬ್ಲೇಡ್ ತಂತಿಯ ಅಂಚನ್ನಷ್ಟೇ ಕಚ್ಚಿದೆ. ಸಾಲದ್ದಕ್ಕೆ ಕೇಬಲ್‌ನ ಹೊರಗಿನ ಕವಚ ಪ್ಲಗ್ ಒಳಗೆ ಹೋಗೇ ಇಲ್ಲ. ಎಳೆತವೆಲ್ಲ ಆ ಸಣ್ಣ ತಂತಿಗಳ ಮೇಲೇ ಬೀಳುತ್ತಿತ್ತು.

100ರ ಒಗಟೂ ಬಿಡಿಸಿಕೊಂಡಿತು. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು: 1-2 ಮತ್ತು 3-6ನೇ ಪಿನ್. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕೇ ಬೇಕು. ಯಾವ ವೇಗದಲ್ಲಿ ಮಾತಾಡೋಣ ಅಂತ ಎರಡು ಕಡೆಯವರು ಒಪ್ಪಿಕೊಳ್ಳುವುದು ಮಾತ್ರ ಆ ಮೊದಲ ಎರಡು ಜೋಡಿಯ ಮೇಲೇ. ಹಾಗಾಗಿ ಇಬ್ಬರೂ 1000ಕ್ಕೆ ಒಪ್ಪುತ್ತಾರೆ, ಕಂದು ಜೋಡಿ ಕೈ ಕೊಡುತ್ತದೆ, ಮತ್ತೆ ಪ್ರಯತ್ನ ಮಾಡಿ ಸೋತು ಕೊನೆಗೆ 100ಕ್ಕೆ ಇಳಿಯುತ್ತಾರೆ. ಆ ಐದಾರು ಸೆಕೆಂಡ್ ಹೋಗುತ್ತಿದ್ದದ್ದು ಇಲ್ಲೇ. ಇದು ಗೊತ್ತಾದಾಗ ಆದ ಖುಷಿ ನೆಟ್ ಸರಿಹೋದ ಖುಷಿಗಿಂತ ಜಾಸ್ತಿ.

ದಿನ 6

ಪ್ಲಗ್ಗನ್ನು ತಂತಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲನ್ನು ಗೆಳೆಯನಿಂದ ತಂದೆ. ಹಳೆಯ ಪ್ಲಗ್ ಕತ್ತರಿಸಿ, ಕವಚ ಸುಲಿದು, ಟಿ568ಬಿ ಅನ್ನುವ ಪ್ರಮಾಣಿತ ಬಣ್ಣದ ಕ್ರಮದಲ್ಲಿ ಜೋಡಿಸಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೊದಲ ಪ್ಲಗ್ ಹಾಳಾಯಿತು, ತಂತಿಗಳು ಒಂದೇ ಸಮ ಇರಲಿಲ್ಲ. ಎರಡನೇ ಸಲ ಎಂಟನ್ನೂ ಚಪ್ಪಟೆ ಹಿಡಿದು ಒಂದೇ ಏಟಿಗೆ ಕತ್ತರಿಸಿದೆ. ಜೋಡಿ ತಂತಿಗಳ ಹೆಣಿಗೆ ಬಿಚ್ಚಿದ್ದು ಅರ್ಧ ಇಂಚಿನೊಳಗೇ. ಕವಚವೂ ಪ್ಲಗ್ ಒಳಗೆ ಹೋಗುವಂತೆ ತಳ್ಳಿ, ಎಂಟೂ ತುದಿ ಮುಂದಿನ ಗೋಡೆಗೆ ತಾಗಿದ್ದನ್ನು ಕಣ್ಣಾರೆ ನೋಡಿಯೇ ಒತ್ತಿದೆ.

ಬಣ್ಣದ ಕ್ರಮದಲ್ಲಿ ಒಂದು ಮಾತು. ಎರಡೂ ತುದಿ ಒಂದೇ ಥರ ಇದ್ದರೆ ಸಾಕು ಅಂತ ಮನಸ್ಸಿಗೆ ಬಂದ ಹಾಗೆ ಜೋಡಿಸಬೇಡಿ. 3 ಮತ್ತು 6 ಒಂದೇ ಹೆಣಿಗೆಯ ಜೋಡಿ ಆಗಿರಲೇಬೇಕು. ಇಲ್ಲದಿದ್ದರೆ ಸಾದಾ ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿ ಹತ್ತುತ್ತವೆ, ಆದರೆ ಒಂದು ಜೋಡಿಯ ಸಿಗ್ನಲ್ ಇನ್ನೊಂದಕ್ಕೆ ಸೋರಿ ಲಿಂಕ್ ಕಾಡುತ್ತದೆ.

ಹಾಕಿದೆ. 1000, ಫುಲ್ ಡುಪ್ಲೆಕ್ಸ್ (ಎರಡೂ ದಿಕ್ಕಿಗೆ ಒಟ್ಟಿಗೆ). ಒತ್ತಿದೆ, ಎಳೆದೆ. ಬೀಳಲಿಲ್ಲ.

ದಿನ 16

ಹತ್ತು ದಿನದಿಂದ ಕ್ಯಾರಿಯರ್ ಲೆಕ್ಕ ಕದಲಿಲ್ಲ. ಸಿಆರ್‌ಸಿ ಎರರ್, ಅಂದರೆ ದಾರಿಯಲ್ಲಿ ಕೆಟ್ಟ ಪ್ಯಾಕೆಟ್‌ಗಳ ಲೆಕ್ಕ, ಸೊನ್ನೆ. ಸ್ಕ್ರಿಪ್ಟ್ ಇನ್ನೂ ಓಡುತ್ತಿದೆ.

ಗೋಡೆಯೊಳಗಿನದು ಒಂಟಿ ಎಳೆಯ ಗಟ್ಟಿ ತಂತಿ. ಪದೇ ಪದೇ ಬಾಗಿದರೆ ಮುರಿಯುವ ಜಾತಿ. ಅದನ್ನು ಕಾಲಿನ ಹತ್ತಿರ ನೇತಾಡಲು ಬಿಡುವುದು ತಪ್ಪು. ಮುಂದಿನ ವಾರ ಗೋಡೆಯಲ್ಲೇ ಒಂದು ಜಾಕ್ ಕೂರಿಸಿ, ಅಲ್ಲಿಂದ ಮೆತ್ತನೆಯ ಪ್ಯಾಚ್ ಕೇಬಲ್ ಹಾಕುತ್ತೇನೆ. ರೂಟರ್ ಕಡೆಯ ಪ್ಲಗ್ ಕ್ರಿಂಪ್ ಮಾಡಿದ್ದೂ ಈ ಕಡೆಯ ಹಳೆಯ ಪ್ಲಗ್ ಹಾಕಿದ ಅದೇ ಕೈ. ನಾಳೆ ಅದನ್ನೂ ಟಾರ್ಚ್ ಹಿಡಿದು ನೋಡಬೇಕು.