ಪದವಿನಿಂದ ಅಳಿವೆಗೆ: ಮಂಜೇಶ್ವರ ಹೊಳೆ ನೋಡಲು ಹೋಗುವವರಿಗೆ

ಕೇರಳದ 44 ನದಿಗಳಲ್ಲಿ ಅತಿ ಚಿಕ್ಕದು ಮಂಜೇಶ್ವರ ಹೊಳೆ. ಉದ್ದ ಬರೀ 16 ಕಿಲೋಮೀಟರ್. ಹುಟ್ಟುವುದು ಗಡಿಯ ಈಚೆ, ಕರ್ನಾಟಕದ ನಮ್ಮ ಬಾಳೆಪುಣಿಯ ಗುಡ್ಡದಲ್ಲಿ. ಹೆಚ್ಚಿನವರು ಹೆದ್ದಾರಿಯ ಸೇತುವೆಯಿಂದ ಇಣುಕಿ "ಇಷ್ಟೇಯಾ" ಎಂದು ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಮಂಗಳೂರಿನಿಂದ ಬಾಳೆಪುಣಿ ಹತ್ತಿರದ ಮುಡಿಪಿನ ಬಸ್ಸು ಹತ್ತಿ, ಮೇಲಿನಿಂದ ಕೆಳಗೆ ಬನ್ನಿ.

ಹೋಗುವುದಾದರೆ ಸೆಪ್ಟೆಂಬರಿನಲ್ಲಿ, ಮಳೆ ಕಡಿಮೆಯಾಗುವ ಹೊತ್ತಿಗೆ. ಆಗ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಮುಳಿಹುಲ್ಲು ಎದ್ದಿರುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ಮೇಲೆ ತೆಳ್ಳಗೆ ಜಾರುವ ನೀರು ತೋಡಾಗಿ (ಸಣ್ಣ ಹಳ್ಳವಾಗಿ), ತೋಡು ಅಡಿಕೆ ತೋಟಕ್ಕಿಳಿದು ಹೊಳೆಯಾಗುವುದನ್ನು ಕಣ್ಣಾರೆ ನೋಡಬಹುದು. ಮೇ ತಿಂಗಳಲ್ಲಿ ಅದೇ ಕಲ್ಲಿನ ಮೇಲೆ ಕಾಲಿಡಲಾಗುವುದಿಲ್ಲ. ಈ ಸೀಮೆಯ ಸುರಂಗಗಳನ್ನೂ ನೋಡಿ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಬರುತ್ತದೆ, ಪಂಪು ಬೇಡ. ಮನೆಯವರನ್ನು ಕೇಳದೆ ಹತ್ತಿರ ಹೋಗಬೇಡಿ, ಅವರು ಒಪ್ಪಿದರೂ ಒಳಗೆ ನುಗ್ಗಬೇಡಿ.

ಕಾಡಿದ್ದು ಬಸ್ಸು. ಇಳಿದು ಬರುವ ದಾರಿಯ ಮಜೀರ್ಪಳ್ಳದಿಂದ ಮಂಜೇಶ್ವರ ಪಕ್ಕದ ಹೊಸಂಗಡಿಗೆ ಮಧ್ಯಾಹ್ನ ಬಸ್ಸಿದೆ ಎಂದಿದ್ದರು. ಬಿಸಿಲಲ್ಲಿ ಒಂದೂವರೆ ಗಂಟೆ ನಿಂತ ಮೇಲೆ ಅಂಗಡಿಯವರು "ಟ್ರಿಪ್ ಕಟ್ ಆಗಿರಬೇಕು ಅಣ್ಣ, ಇವತ್ತು ಭಾನುವಾರ ಅಲ್ವಾ" ಎಂದರು. ಸಿಕ್ಕಿದ ಒಂದೇ ರಿಕ್ಷಾದವರು ಮೀಟರ್ ಹಾಕಲಿಲ್ಲ, ಇಳಿಯುವಾಗ ಖಾಲಿ ವಾಪಸು ಬರುವ ಬಾಡಿಗೆಯನ್ನೂ ಸೇರಿಸಿ ವಸೂಲು ಮಾಡಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಭಾನುವಾರ ಹೋಗಲೇಬೇಡಿ. ರಿಕ್ಷಾ ಹತ್ತುವ ಮೊದಲೇ ಬಾಡಿಗೆ ಮಾತಾಡಿ.

ಊಟದ ವಿಷಯ ಬೇರೆ. ಮಂಜೇಶ್ವರದಲ್ಲಿ ಬಂದರಿನ ಕಡೆ ಹೋಗುವಾಗ ಮನೆಯ ಜಗಲಿಯಲ್ಲೇ ನಡೆಸುವ ಒಂದು ಹೋಟೆಲಿದೆ, ಬೋರ್ಡಿಲ್ಲ. ನಾಲ್ಕು ಬೆಂಚು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ (ಹುಳಿಖಾರದ ಸಾರು), ಮರುವಾಯಿ (ಚಿಪ್ಪುಮೀನು) ಸುಕ್ಕ, ಉಪ್ಪಿನಲ್ಲಿಟ್ಟ ಮಾವಿನಕಾಯಿ. ಸಿಹಿನೀರು ಉಪ್ಪುನೀರು ಕೂಡುವ ಕೆಸರಿನಲ್ಲಿ ಹೆಕ್ಕಿದ ಮರುವಾಯಿಗೆ ಆಗತಾನೆ ತುರಿದ ತೆಂಗಿನಕಾಯಿ ಹಾಕಿ ಹುರಿದಿದ್ದರು, ಮಸಾಲೆ ಅದರ ರುಚಿಯನ್ನು ಮುಚ್ಚಿರಲಿಲ್ಲ. ಸಾರು ಮುಗಿಯುವ ಮೊದಲೇ ಅಕ್ಕ ಬಂದು ಬಡಿಸಿ, "ಅನ್ನ ಇನ್ನೊಂಚೂರು ಹಾಕ್ಲಾ?" ಎನ್ನುತ್ತಿದ್ದರು. ಎಲ್ಲ ಸೇರಿ ನೂರೈವತ್ತು ರೂಪಾಯಿ ದಾಟಲಿಲ್ಲ. ಮಧ್ಯಾಹ್ನ ಒಂದೂವರೆಯೊಳಗೆ ಹೋಗಿ, ಆಮೇಲೆ ಮೀನು ಮುಗಿದಿರುತ್ತದೆ.

ಕವಿ ಗೋವಿಂದ ಪೈಗಳ ಮನೆ ಇರುವುದೂ ಇದೇ ಊರಿನಲ್ಲಿ, ಬಿಡಬೇಡಿ.

ಹೊಳೆ ಕಡಲು ಸೇರುವ ಅಳಿವೆಗೆ ನೀರು ಇಳಿದಾಗ ಹೋದರೆ ಮರಳಿನ ದಿಬ್ಬಗಳು ಕಾಣುತ್ತವೆ. ಸೆಳೆತ ಜೋರು, ಮಕ್ಕಳನ್ನು ನೀರಿಗೆ ಬಿಡಬೇಡಿ. ಉಳಿಯಲು ಇಲ್ಲಿ ಕೋಣೆ ಹುಡುಕುವ ಬದಲು ಸಂಜೆಯೇ ಮಂಗಳೂರಿಗೆ ಹಿಂತಿರುಗಿ. ಹೆದ್ದಾರಿ ಆರು ಪಥವಾದ ಮೇಲೆ ಎಲ್ಲೆಂದರಲ್ಲಿ ದಾಟಲಾಗದು, ಮಂಗಳೂರು ಬಸ್ಸು ಯಾವ ಬದಿಯಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡೇ ನಿಲ್ಲಿ.